ಎನ್‌ಬಿ 1.8ಕ್ಕೆ ಟರ್ಬೊ ಕಿಟ್: ಪೆಟ್ಟಿಗೆಯಲ್ಲಿ ಬರದೇ ಇರೋದು ಏನೇನು?

ಗಾಳಿಗೋಪುರ:

ಕಾರು 2001ರ ಮಜ್ದಾ ಎಂಎಕ್ಸ್-5, ಎನ್‌ಬಿ (ಎರಡನೇ ತಲೆಮಾರು), 1.8 ಲೀಟರ್ ವಿವಿಟಿ ಎಂಜಿನ್ (ವಾಲ್ವ್ ತೆರೆಯೋ ಹೊತ್ತು ಬದಲಾಗೋದು), 6-ಸ್ಪೀಡ್. ಓಡಿರೋದು 1,20,000 ಕಿ.ಮೀ. ದಿನಾ ಬಳಸೋ ಕಾರು, ಟ್ರ್ಯಾಕ್ ಅಪರೂಪ. ನೋಡಿಟ್ಟಿರೋ ಕಿಟ್‌ನಲ್ಲಿ ಎರಕದ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಗ್ಯಾರೆಟ್ ಜಿಟಿ2560ಆರ್ ಟರ್ಬೊ, 0.5 ಬಾರ್ ಸ್ಪ್ರಿಂಗಿನ ವೇಸ್ಟ್‌ಗೇಟ್ (ಒತ್ತಡ ಮಿತಿ ದಾಟದಂತೆ ಎಗ್ಸಾಸ್ಟನ್ನು ಟರ್ಬೊ ಪಕ್ಕದಿಂದ ಬಿಡೋ ಬಾಗಿಲು), ಇಂಟರ್‌ಕೂಲರ್ (ಟರ್ಬೊದಿಂದ ಬರೋ ಬಿಸಿ ಗಾಳಿ ತಣಿಸೋದು), ಪೈಪುಗಳು, ಡೌನ್‌ಪೈಪ್ (ಟರ್ಬೊದಿಂದ ಹಿಂದಕ್ಕೆ ಹೋಗೋ ಎಗ್ಸಾಸ್ಟ್ ಪೈಪ್), ಆಯಿಲ್ ಮತ್ತು ಕೂಲೆಂಟ್ ಹೋಸ್‌ಗಳು ಇವೆ. ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋದು), ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ನಾವೇ ನೋಡ್ಕೋಬೇಕು. ಜತೆಗಿರೋ ಕೈಪಿಡಿ ನಾಲ್ಕೇ ಪುಟ. "ಎರಡು ದಿನದ ಕೆಲಸ" ಅಂತ ಮೊದಲ ಸಾಲಲ್ಲೇ ಬರೆದಿದೆ.

ಗುರಿ ಚಕ್ರದಲ್ಲಿ 200 ಅಶ್ವಶಕ್ತಿ, ಪೆಟ್ರೋಲ್ 95 ಆಕ್ಟೇನ್. ಎಂಜಿನ್ ಬಿಚ್ಚೋ ಯೋಚನೆ ಇಲ್ಲ. ಇಷ್ಟಕ್ಕೆ ಒಳಗಿನ ಭಾಗಗಳು ತಡೆಯುತ್ವಾ? ಇಂಜೆಕ್ಟರ್ ಎಷ್ಟು ದೊಡ್ಡದು ಬೇಕು? ಟರ್ಬೊ ಆಯಿಲ್ ವಾಪಸ್ ಹೋಗೋಕೆ ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತೂತು ಕೊರೀಬೇಕಂತೆ. ಸಂಪ್ ಇಳಿಸದೆ ಕೊರೀಬಹುದಾ?

ಹತ್ತು_ಎಂಎಂ:

200ಕ್ಕೇ ನಿಲ್ಲಿಸ್ತೀರಾದರೆ ಎಂಜಿನ್ ಬಿಚ್ಚಬೇಕಿಲ್ಲ. ನಿಲ್ಲಿಸೋದೇ ಕಷ್ಟ, ಆ ಮಾತು ಬೇರೆ. ಈ ಬಿಪಿ ಎಂಜಿನ್‌ನಲ್ಲಿ ಮೊದಲು ಕೈಕೊಡೋದು ಕನೆಕ್ಟಿಂಗ್ ರಾಡ್. ಅದು ಬಾಗೋದು ಟಾರ್ಕ್‌ಗೆ, ಡೈನೋ ಹಾಳೆಯ ಕೊನೆಯಲ್ಲಿರೋ ಅಶ್ವಶಕ್ತಿ ಅಂಕಿಗಲ್ಲ. 200 ಅಶ್ವಶಕ್ತಿ 6,500 ಆರ್‌ಪಿಎಂನಲ್ಲಿ ಬಂದರೆ ಅಲ್ಲಿ ಟಾರ್ಕ್ 215–220 ನ್ಯೂಟನ್ ಮೀಟರ್ ಅಷ್ಟೇ. ಅದೇ ಕಾರಲ್ಲಿ 3,200ಕ್ಕೇ ಪೂರ್ತಿ ಬೂಸ್ಟ್ (ಟರ್ಬೊ ಕೊಡೋ ಹೆಚ್ಚುವರಿ ಗಾಳಿ ಒತ್ತಡ) ಏರಿಸಿ, ಮೇಲಿನ ಗೇರಲ್ಲಿ ಪೆಡಲ್ ಒತ್ತಿ ಟಾರ್ಕ್ 300 ದಾಟಿಸಿದರೆ ರಾಡ್‌ಗೆ ಬೀಳೋ ಹೊಡೆತವೇ ಬೇರೆ. ಹಾಗಾಗಿ 3,500ರ ಕೆಳಗೆ ಬೂಸ್ಟ್ ಅನ್ನು ಸ್ಪ್ರಿಂಗ್ ಮಟ್ಟಕ್ಕೆ ಬಿಡಿ. ಮೇಲೆ 0.6–0.65 ಬಾರ್‌ಗೆ ಏರಲಿ. ನಿಮ್ಮ ಗುರಿಗೆ ಅಷ್ಟು ಸಾಕು.

ಕಿಟ್‌ಗೆ ಮುಂಗಡ ಕೊಡೋ ಮೊದಲು ಕಂಪ್ರೆಶನ್ (ಸಿಲಿಂಡರ್ ಒತ್ತಡ) ಮತ್ತು ಲೀಕ್‌ಡೌನ್ (ಅದರಿಂದ ಗಾಳಿ ಎಷ್ಟು ಸೋರುತ್ತೆ) ಎರಡೂ ನೋಡಿ. ಎಂಜಿನ್ ಬಿಸಿ ಇರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ನಾಲ್ಕು ಪ್ಲಗ್ಗೂ ಹೊರಗಿರಲಿ. ಸಿಲಿಂಡರ್‌ಗಳ ನಡುವೆ 10 ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಿಟ್ ಮರೆತು ಮೊದಲು ಎಂಜಿನ್ ನೋಡಿ.

ಇಂಜೆಕ್ಟರ್ ಲೆಕ್ಕ: ಚಕ್ರದಲ್ಲಿ 200 ಅಂದರೆ ಕ್ರ್ಯಾಂಕ್‌ನಲ್ಲಿ ಸುಮಾರು 240. ಟರ್ಬೊ ಎಂಜಿನ್‌ಗೆ ಕೈ ಸಡಿಲಬಿಟ್ಟು ಗಂಟೆಗೆ ಪ್ರತಿ ಅಶ್ವಶಕ್ತಿಗೆ 270 ಗ್ರಾಂ ಪೆಟ್ರೋಲ್ ಹಿಡಿಯಿರಿ. ಒಟ್ಟು 65 ಕೆಜಿ, ಅಂದರೆ ಗಂಟೆಗೆ 88 ಲೀಟರ್, ನಿಮಿಷಕ್ಕೆ 1,470 ಸಿಸಿ. ನಾಲ್ಕಕ್ಕೆ ಹಂಚಿದರೆ ತಲಾ 367. ಡ್ಯೂಟಿ (ಇಂಜೆಕ್ಟರ್ ತೆರೆದಿರೋ ಹೊತ್ತಿನ ಪಾಲು) 85 ಪ್ರತಿಶತ ದಾಟಬಾರದು ಅಂದರೆ 430 ಸಿಸಿ ಬೇಕು. 550 ತಗೊಳ್ಳಿ. 1,000 ಸಿಸಿ ಹಾಕಿ ಐಡಲ್ ತೊದಲ್ತಿದೆ ಅಂತ ಬರೋರನ್ನು ನೋಡಿ ಸಾಕಾಗಿದೆ.

ಇನ್ನೊಂದು ವಿಷಯ ಕೈಪಿಡಿಯ ನಾಲ್ಕು ಪುಟದಲ್ಲಿ ಖಂಡಿತ ಇರಲ್ಲ. ಎನ್‌ಬಿಯದ್ದು ರಿಟರ್ನ್ (ಎಂಜಿನ್‌ನಿಂದ ಟ್ಯಾಂಕ್‌ಗೆ ವಾಪಸ್ ಪೈಪ್) ಇಲ್ಲದ ಇಂಧನ ವ್ಯವಸ್ಥೆ. ರೆಗ್ಯುಲೇಟರ್ ಟ್ಯಾಂಕ್ ಒಳಗಿದೆ, ಸುಮಾರು 4.1 ಬಾರ್ ಹಿಡಿಯುತ್ತೆ. ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಏನಾಗ್ತಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಮೈನಸ್ 0.65 ಇದ್ದರೆ ಇಂಜೆಕ್ಟರ್‌ನ ಎರಡು ತುದಿಯ ನಡುವೆ 4.75 ಬಾರ್ ವ್ಯತ್ಯಾಸ. 0.55 ಬೂಸ್ಟ್‌ನಲ್ಲಿ ಅದು 3.55ಕ್ಕೆ ಇಳಿಯುತ್ತೆ. ಹರಿವು ಒತ್ತಡದ ವರ್ಗಮೂಲದ ಲೆಕ್ಕ, ಹಾಗಾಗಿ ಅಷ್ಟೇ ಹೊತ್ತು ತೆರೆದ ಇಂಜೆಕ್ಟರ್ ಬೂಸ್ಟ್‌ನಲ್ಲಿ 13–14 ಪ್ರತಿಶತ ಕಡಿಮೆ ಸುರಿಯುತ್ತೆ. ಇಸಿಯುಗೆ ಇದನ್ನು ಹೇಳಿಕೊಡದಿದ್ದರೆ ಜಾಸ್ತಿ ಬೇಕಾದಾಗಲೇ ಪೆಟ್ರೋಲ್ ಕಮ್ಮಿ.

ಪಂಪ್ ಗಂಟೆಗೆ 190 ಲೀಟರಿನದು ಸಾಕು. 255ರದ್ದು ಹಾಕಿದರೆ ಐಡಲ್‌ನಲ್ಲಿ ಮಿಕ್ಕ ಪೆಟ್ರೋಲನ್ನು ಟ್ಯಾಂಕ್‌ನ ಪುಟ್ಟ ರೆಗ್ಯುಲೇಟರ್ ಹೊರಹಾಕಲಾರದೆ ಒತ್ತಡ ತಾನೇ ಏರುತ್ತೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಇಸಿಯು, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ಅಳೆಯೋ ಸೆನ್ಸರ್), ಇಂಜೆಕ್ಟರ್, ಪಂಪ್, ಕ್ಲಚ್. ಇಷ್ಟರಲ್ಲೇ ಟರ್ಬೊ ಇಲ್ಲದೆ ಎರಡು ಮೂರು ವಾರ ಓಡಿಸಿ. ಕೋಲ್ಡ್ ಸ್ಟಾರ್ಟ್, ಐಡಲ್, ಎಸಿ ಹಾಕಿದಾಗಿನ ಕುಸಿತ ಎಲ್ಲ ಸರಿಹೋದಮೇಲೆ ಟರ್ಬೊ. ಎರಡನ್ನೂ ಒಂದೇ ಸಲ ಹಾಕಿದರೆ ಸ್ಟಾರ್ಟ್ ಆಗದಿದ್ದಾಗ ಯಾವುದರಲ್ಲಿ ತಪ್ಪು ಅಂತ ಹುಡುಕ್ತಾ ಕೂರಬೇಕು.

ಸಂಪಿನ_ಸಂಗ:

ಆಯಿಲ್ ವಿಚಾರ ನಾನು ಹೇಳ್ತೀನಿ. ಟರ್ಬೊಗೆ ಆಯಿಲ್ ಕೊಡೋದು ಸುಲಭ, ವಾಪಸ್ ತರೋದು ಕಷ್ಟ.

ಫೀಡ್: ಇನ್‌ಟೇಕ್ ಕಡೆ, ಆಯಿಲ್ ಫಿಲ್ಟರ್ ಹತ್ತಿರದ ಪ್ರೆಶರ್ ಸೆಂಡರ್ ಇರೋ ಜಾಗದಿಂದ ತೆಗೀತಾರೆ. ಅಲ್ಲಿರೋದು 1/8 ಬಿಎಸ್‌ಪಿಟಿ (ಬ್ರಿಟಿಷ್ ಅಳತೆಯ) ಥ್ರೆಡ್, ಇಂಚಿಗೆ 28 ಸುತ್ತು. ಕಿಟ್‌ನಲ್ಲಿ ಬರೋ ಫಿಟ್ಟಿಂಗ್ ಹೆಚ್ಚಾಗಿ 1/8 ಎನ್‌ಪಿಟಿ (ಅಮೆರಿಕನ್ ಅಳತೆ), 27 ಸುತ್ತು. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಬಿಗಿಯುತ್ತೆ, ಸರಿಯಾಗಿ ಕೂತಿದೆ ಅನ್ಸುತ್ತೆ. ವಾರದಲ್ಲಿ ಒಸರೋಕೆ ಶುರು. ಅಡಾಪ್ಟರ್ ತರಿಸ್ಕೊಳ್ಳಿ. ಹಿತ್ತಾಳೆಯ ಟೀ ಹಾಕಿ ಅದರ ತುದಿಗೆ ಭಾರದ ಸೆಂಡರ್ ನೇತುಹಾಕಬೇಡಿ. ಎಂಜಿನ್ ಅದುರಿ ಅದುರಿ ಕತ್ತು ಮುರಿದರೆ ಆಯಿಲ್ ಎಲ್ಲ ರಸ್ತೆ ಮೇಲೆ. ಟೀಯನ್ನು ಬಾಡಿಗೆ ಬ್ರಾಕೆಟ್ ಮಾಡಿ ಕೂರಿಸಿ, ಬ್ಲಾಕ್‌ನಿಂದ ಅಲ್ಲಿಗೆ ಹೆಣೆದ ಸ್ಟೀಲ್ ಹೋಸ್ ಎಳೆಯಿರಿ.

ನಿಮ್ಮದು ಬಾಲ್ ಬೇರಿಂಗ್ ಟರ್ಬೊ. ಒಳಬರೋ ಕಡೆ ಒಂದು ಮಿ.ಮೀ. ಆಸುಪಾಸಿನ ರೆಸ್ಟ್ರಿಕ್ಟರ್ ಬೇಕು. ಕೆಲವದರಲ್ಲಿ ಟರ್ಬೊ ಒಳಗೇ ಇರುತ್ತೆ. ನೋಡದೆ ಇನ್ನೊಂದು ಹಾಕಿದರೆ ಬೇರಿಂಗ್ ಒಣಗುತ್ತೆ. ಒಂದೂ ಇಲ್ಲದಿದ್ದರೆ ಆಯಿಲ್ ತುಂಬಿ ಸೀಲ್ ದಾಟುತ್ತೆ.

ಡ್ರೈನ್: ಟರ್ಬೊದಿಂದ ಆಯಿಲ್ ಹೊರಬರೋದು ನೊರೆ ನೊರೆಯಾಗಿ, ಒತ್ತಡವೇ ಇಲ್ಲದೆ. ಇಳಿಜಾರು ಬಿಟ್ಟರೆ ಅದನ್ನು ಎಳೆಯೋರು ಯಾರೂ ಇಲ್ಲ. ಹೋಸ್ ಒಳವ್ಯಾಸ ಕನಿಷ್ಠ 12.7 ಮಿ.ಮೀ., ಡ್ಯಾಶ್-10 ಗಾತ್ರದ್ದು ಇನ್ನೂ ಒಳ್ಳೇದು. ಪೂರ್ತಿ ಉದ್ದಕ್ಕೂ ಕೆಳಮುಖ, ನಡುವೆ ಒಂದು ಕಡೆಯೂ ಹೊಟ್ಟೆ ಬಿಡಬಾರದು. ಟರ್ಬೊ ನಡುಭಾಗದ ಡ್ರೈನ್ ನೇರ ಕೆಳಗಿನಿಂದ 35 ಡಿಗ್ರಿಗಿಂತ ಓರೆಯಾಗಬಾರದು. ಸಂಪ್‌ನಲ್ಲಿ ಸೇರೋ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಐಡಲ್‌ನಲ್ಲಿ ನೀಲಿ ಹೊಗೆ ಬಂದ ಕೂಡಲೇ "ಟರ್ಬೊ ಸೀಲ್ ಹೋಗಿದೆ" ಅಂತ ಹೊಸ ಟರ್ಬೊ ತರಿಸ್ತಾರೆ. ಅಲ್ಲಿರೋ ಸೀಲ್ ರಬ್ಬರ್ ಅಲ್ಲವೇ ಅಲ್ಲ, ಪಿಸ್ಟನ್ ರಿಂಗ್ ಥರದ ಲೋಹದ ಉಂಗುರ. ಟರ್ಬೊ ನಡುಭಾಗದಲ್ಲಿ ಆಯಿಲ್ ನಿಂತರೆ ಹೊಚ್ಚಹೊಸ ಟರ್ಬೊ ಕೂಡ ಹೊಗೆ ಉಗುಳುತ್ತೆ.

ಈಗ ಕೊರೆಯೋದು. ಈ ಕಾರಲ್ಲಿ ಸಂಪ್ ಇಳಿಸಬೇಕಾದರೆ ಮುಂದಿನ ಸಬ್‌ಫ್ರೇಮ್ ಇಳಿಸಬೇಕು, ಇಲ್ಲವೇ ಎಂಜಿನ್ ಎತ್ತಬೇಕು. ಅದಕ್ಕೇ ಹೆಚ್ಚಿನವರು ಕಾರಲ್ಲೇ ಕೊರೀತಾರೆ. ಸಂಪ್ ಅಲ್ಯುಮಿನಿಯಂ ಎರಕ, ಬೆಣ್ಣೆ ಥರ ಕೊರೆಯುತ್ತೆ. ಎಗ್ಸಾಸ್ಟ್ ಕಡೆ, ಬ್ಲಾಕ್ ಸೇರೋ ಅಂಚಿಗೆ ಆದಷ್ಟು ಹತ್ತಿರ, ಚಪ್ಪಟೆ ಇರೋ ಜಾಗ ಗುರುತು ಮಾಡಿ. ಆಯಿಲ್ ಇಳಿಸಿ, ಡ್ರೈನ್ ಪ್ಲಗ್ ಮತ್ತೆ ಹಾಕಿ. ಡಿಪ್‌ಸ್ಟಿಕ್ ಕೊಳವೆಯಿಂದ ತೀರಾ ಕಮ್ಮಿ ಒತ್ತಡದಲ್ಲಿ ಗಾಳಿ ಬಿಡ್ತಾ ಇರಿ. ತೂತು ಬಿದ್ದ ಕ್ಷಣದಿಂದ ಚೂರುಗಳು ಹೊರಗೇ ಹಾರುತ್ವೆ. 4 ಮಿ.ಮೀ.ನಿಂದ ಶುರುಮಾಡಿ ಹಂತಹಂತವಾಗಿ ಅಗಲ ಮಾಡಿ, 1/2 ಎನ್‌ಪಿಟಿಗೆ ಕೊನೆಯ ಬಿಟ್ 18.25 ಮಿ.ಮೀ. ಬಿಟ್‌ಗೂ ಟ್ಯಾಪ್‌ಗೂ ದಪ್ಪಗೆ ಗ್ರೀಸ್ ಮೆತ್ತಿ, ಚೂರು ಅಂಟಿಕೊಳ್ಳಲಿ. ಟ್ಯಾಪ್ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪ್ರತಿ ಎರಡು ಸುತ್ತಿಗೆ ಹೊರತೆಗೆದು ಒರೆಸಿ ಹೊಸ ಗ್ರೀಸ್. ಎನ್‌ಪಿಟಿ ಓರೆ ಥ್ರೆಡ್, ಟ್ಯಾಪ್ ಒಳಗೆ ಹೋದಷ್ಟೂ ತೂತು ದೊಡ್ಡದಾಗುತ್ತೆ. ಆಗಾಗ ಫಿಟ್ಟಿಂಗ್ ಹಾಕಿ ನೋಡಿ. ಕೈಯಲ್ಲಿ ಮೂರ್ನಾಲ್ಕು ಸುತ್ತು ಹೋಗಿ ನಿಂತರೆ ಸಾಕು, ಟ್ಯಾಪ್ ಮುಗೀತು. ಆಮೇಲೆ ಡ್ರೈನ್ ಪ್ಲಗ್ ತೆಗೆದು, ಹೊಸ ತೂತಿನಿಂದ ಒಂದು ಲೀಟರ್ ಅಗ್ಗದ ಆಯಿಲ್ ಸುರಿದು ಬಸಿದು, ಇನ್ನೊಂದು ಸಲ ಅದೇ ಮಾಡಿ. ಮ್ಯಾಗ್ನೆಟ್ ಇಟ್ಟಿದ್ದೀನಿ ಅಂತ ನೆಮ್ಮದಿಯಾಗಿರಬೇಡಿ, ಅಲ್ಯುಮಿನಿಯಂ ಅದಕ್ಕೆ ಸಿಗಲ್ಲ. ಮೊದಲ 50 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ.

ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಟರ್ಬೊ ಒಳಗೆ ಆಯಿಲ್ ಹನಿಸಿ, ಅದರ ಚಕ್ರ ಕೈಯಲ್ಲಿ ತಿರುಗಿಸಿ. ಇಂಜೆಕ್ಟರ್ ಕನೆಕ್ಟರ್ ಎಳೆದು, ಡ್ರೈನ್ ಹೋಸ್‌ನ ಕೆಳತುದಿ ಒಂದು ಬಾಟಲಿಗೆ ಬಿಟ್ಟು, ಸಂಪ್ ತೂತಿಗೆ ಬಿರಡೆ ಕೊಟ್ಟು, ಹತ್ತು ಸೆಕೆಂಡಿನಂತೆ ಕ್ರ್ಯಾಂಕ್ ಮಾಡಿ. ಬಾಟಲಿಗೆ ಆಯಿಲ್ ಬಿತ್ತು ಅಂದರೆ ಹೋಸ್ ಜೋಡಿಸಿ. ಬೀಳೋವರೆಗೂ ಕಿಡಿ ಕೊಡಬೇಡಿ.

ನಾಕ್_ಕಿವಿ:

ಮೇಲಿನ ಇಬ್ಬರೂ ಸ್ಟಡ್ ಬಗ್ಗೆ ಹೇಳಲೇ ಇಲ್ಲ. ಮ್ಯಾನಿಫೋಲ್ಡ್‌ಗೂ ಟರ್ಬೊಗೂ ನಡುವೆ ಬರೋ ಸಾಮಾನ್ಯ ಎಂ8 ಸ್ಟಡ್‌ಗಳು ಕಾದು ಹಿಗ್ಗಿ ಸಡಿಲಾಗ್ತವೆ. ಈ ಕಾರುಗಳಲ್ಲಿ ಇದು ಮಾಮೂಲಿ ರೋಗ. ಟರ್ಬೊ ಇನ್ನೂ ಮೇಜಿನ ಮೇಲಿರುವಾಗಲೇ ಎಂ10ಕ್ಕೆ ಥ್ರೆಡ್ ಹಾಕಿ, ಇನ್‌ಕೊನೆಲ್ ಸ್ಟಡ್ ಮತ್ತು ನಾರ್ಡ್‌ಲಾಕ್ ವಾಷರ್ ಹಾಕಿ. ಡೌನ್‌ಪೈಪ್‌ಗೆ ಗೇರ್‌ಬಾಕ್ಸ್ ಹತ್ತಿರ ಒಂದು ಬ್ರಾಕೆಟ್ ಕೊಡಿ. ಸೈಲೆನ್ಸರ್‌ವರೆಗಿನ ಇಡೀ ತೂಕ ಆ ನಾಲ್ಕು ಸ್ಟಡ್‌ಗಳ ಮೇಲೆ ನೇತಾಡ್ತಿದ್ದರೆ ಯಾವ ಸ್ಟಡ್ಡೂ ಉಳಿಯಲ್ಲ. ಮೂರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಬೂಸ್ಟ್ ಎಲ್ಲೆಲ್ಲಿ ನುಗ್ಗುತ್ತೆ ಅಂತಲೂ ನೋಡ್ಕೊಳ್ಳಿ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸೇರಿರೋ ಪ್ರತಿ ಸಣ್ಣ ಹೋಸೂ ಇಷ್ಟು ದಿನ ಬರೀ ನಿರ್ವಾತ ಕಂಡಿದೆ. ಕ್ರ್ಯಾಂಕ್‌ಕೇಸ್ ಆವಿಯನ್ನು ಅಲ್ಲಿಗೆ ಬಿಡೋ ಪಿಸಿವಿ ವಾಲ್ವ್ ಹಳೇದಾಗಿದ್ದರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಡಿಪ್‌ಸ್ಟಿಕ್ ಮೇಲಕ್ಕೆ ಹಾರುತ್ತೆ. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಇದ್ದರೆ ಟರ್ಬೊ ಡ್ರೈನ್ ಕೂಡ ಇಳಿಯಲ್ಲ, ಸಂಪಿನ_ಸಂಗ ಹೇಳಿದ ಹೊಗೆ ಅಲ್ಲಿಂದಲೂ ಬರಬಹುದು. ಹೊಸ ಪಿಸಿವಿ, ಅದರ ಮುಂದೆ ಒಂದು ಚೆಕ್ ವಾಲ್ವ್. ಟ್ಯಾಂಕ್ ಆವಿ ಎಳೆಯೋ ಪರ್ಜ್ ಲೈನ್‌ಗೂ ಒಂದು. ಬ್ರೇಕ್ ಬೂಸ್ಟರ್ ಹೋಸ್‌ನಲ್ಲಿ ಮೊದಲೇ ಇರುತ್ತೆ, ಬಾಯಲ್ಲಿ ಊದಿ ಪರೀಕ್ಷಿಸಿ. ಒಂದೇ ಕಡೆಗೆ ಗಾಳಿ ಹೋಗಬೇಕು.

ಕೂಲೆಂಟ್ ರೀರೂಟ್ (ನೀರು ಹೊರಬರೋ ಬಾಯನ್ನು ಎಂಜಿನ್ ಹಿಂದಕ್ಕೆ ಒಯ್ಯೋದು) ಮಾಡಲೇಬೇಕು ಅಂತ ಯಾರಾದರೂ ಬಂದು ಹೇಳ್ತಾರೆ, ಅದಕ್ಕೆ ಮುಂಚೆಯೇ ಬರೆದುಬಿಡ್ತೀನಿ. ಈ ಎಂಜಿನ್ ಹುಟ್ಟಿದ್ದು ಅಡ್ಡಡ್ಡ ಕೂರೋ ಕಾರುಗಳಿಗೆ. ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ನೀರು ಹೊರಬರೋ ಬಾಯನ್ನು ಮುಂದಕ್ಕೆ ತಂದರು. ಹಾಗಾಗಿ ಹಿಂದಿನ ಸಿಲಿಂಡರ್‌ಗೆ ಹರಿವು ಕಡಿಮೆ. ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸೋರಿಗೆ ರೀರೂಟ್ ಬೇಕು. ರಸ್ತೆ ಕಾರಿಗೆ ದಪ್ಪ ರೇಡಿಯೇಟರ್, ಅದರ ಸುತ್ತಲ ಸಂದುಗಳನ್ನು ಫೋಮ್‌ನಿಂದ ಮುಚ್ಚೋದು, ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ ಎಸೆಯದೆ ಇಡೋದು, ಇಷ್ಟು ಸಾಕು.

ಹತ್ತು_ಎಂಎಂ:

ರೀರೂಟ್ ವಿಷಯದಲ್ಲಿ ನಾನು ಒಪ್ಪಲ್ಲ. ಹಿಂದಿನ ಬಾಯಿ ಫೈರ್‌ವಾಲ್‌ಗೆ ಒತ್ತಿಕೊಂಡಿದೆ, ಟರ್ಬೊ ಕೂರಿಸಿದ ಮೇಲೆ ಅಲ್ಲಿಗೆ ಕೈ ಹಾಕೋದು ಇನ್ನೂ ಕಷ್ಟ. ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸ್ತೀರಲ್ಲ, ಆಗಲೇ ಮುಗಿಸಿಬಿಡಿ. ಉಳಿದದ್ದೆಲ್ಲ ಸರಿ.

ಗಾಳಿಗೋಪುರ:

ಎಲ್ಲ ಜೋಡಿಸಿ ಆಯ್ತು, ರೀರೂಟ್ ಸಮೇತ. ಮೆಗಾಸ್ಕ್ವರ್ಟ್ ಇಸಿಯು, 550 ಇಂಜೆಕ್ಟರ್, 190 ಪಂಪ್. ಹೊಗೆ ಇಲ್ಲ, ಸೋರಿಕೆ ಇಲ್ಲ. ಇಗ್ನಿಷನ್ (ಕಿಡಿ ಎಷ್ಟು ಡಿಗ್ರಿ ಮುಂಚೆ ಅನ್ನೋದು) ಎಷ್ಟರಿಂದ ಶುರು ಮಾಡ್ಲಿ? ಮತ್ತೆ ಈ ಲಾಗ್ ನೋಡಿ, ಮೂರನೇ ಗೇರ್, 0.55 ಬಾರ್: 4,000ಕ್ಕೆ ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) 11.6, 5,500ಕ್ಕೆ 12.1, 6,300ಕ್ಕೆ 12.7. ಡ್ಯೂಟಿ 58 ಪ್ರತಿಶತ. ಒಳಗಾಳಿ 64 ಡಿಗ್ರಿ. ಮೇಲಿನ ಆರ್‌ಪಿಎಂಗೆ ಇಸಿಯುನ ಇಂಧನ ಟೇಬಲ್‌ನಲ್ಲಿ ಪೆಟ್ರೋಲ್ ಸೇರಿಸಿದರೆ ಆಯ್ತಾ?

ನಾಕ್_ಕಿವಿ:

ಸೇರಿಸಬೇಡಿ! ಪೆಡಲ್ ಮೇಲಿಂದ ಕಾಲು ತೆಗೀರಿ ಮೊದಲು. ಬೂಸ್ಟ್‌ನಲ್ಲಿ 12.7 ಅಂದರೆ ನಾಕ್ (ಮಿಶ್ರಣ ತಾನೇ ಸಿಡಿಯೋದು) ಹೊಸಿಲ ಮೇಲೆ ನಿಂತಿದೆ. ಈ ಎಂಜಿನ್‌ಗೆ 11.5–11.8 ಇರಬೇಕು.

ಡ್ಯೂಟಿ 58ರಲ್ಲೇ ಇದೆ, ಅಂದರೆ ಇಂಜೆಕ್ಟರ್‌ಗೆ ಇನ್ನೂ ಜಾಗ ಇದೆ. ಆರ್‌ಪಿಎಂ ಏರಿದಷ್ಟೂ ನಿಧಾನಕ್ಕೆ ಬಡವಾಗ್ತಿದೆ ಅಂದರೆ ಮೊದಲ ಅನುಮಾನ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಕೊಳವೆ) ಒತ್ತಡದ ಮೇಲೆ. ರೈಲ್‌ಗೆ 7 ಬಾರ್‌ನ ಎಲೆಕ್ಟ್ರಾನಿಕ್ ಪ್ರೆಶರ್ ಸೆನ್ಸರ್ ಹಾಕಿ ಇಸಿಯು ಲಾಗ್‌ಗೆ ತನ್ನಿ. ಪೆಟ್ರೋಲ್ ತುಂಬಿದ ಗಡಿಯಾರ ಮೀಟರನ್ನು ಮಾತ್ರ ಕ್ಯಾಬಿನ್ ಒಳಗೆ ತರಬೇಡಿ. ಹೊರಗಾಳಿಗೆ ಹೋಲಿಸಿ 4.1 ಬಾರ್ ಕದಲದೆ ನಿಂತರೆ ತಪ್ಪು ಟೇಬಲ್‌ನದ್ದು. 3.5ಕ್ಕೆ ಜಾರಿದರೆ ಕಾರಿನ ಹಿಂಭಾಗದಡಿ ಇರೋ ಫಿಲ್ಟರ್, ಅಥವಾ ಪಂಪ್, ಅಥವಾ ಪಂಪ್‌ಗೆ ಬರೋ ಕರೆಂಟ್. ಒತ್ತಡ ಬೀಳ್ತಿರುವಾಗ ಟೇಬಲ್ ಏರಿಸಿದರೆ ಇವತ್ತು ಅಂಕಿ ಸರಿಕಾಣುತ್ತೆ. ಸೆಕೆಯ ದಿನ, ಟ್ಯಾಂಕ್ ಕಾಲು ಇರುವಾಗ ಇನ್ನಷ್ಟು ಬೀಳುತ್ತೆ, ಆಗ ಪಿಸ್ಟನ್ ರಿಂಗ್‌ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಕಿತ್ತು ಬರುತ್ತೆ.

64 ಡಿಗ್ರಿ ಬಗ್ಗೆ: ಸೆನ್ಸರ್ ಎಲ್ಲಿ ಹಾಕಿದ್ದೀರಿ? ಹಳೇ ಎಂಎಎಫ್ (ಗಾಳಿ ಹರಿವು ಅಳೆಯೋ ಮೀಟರ್) ತೆಗೆದಾಗ ಅದರಲ್ಲಿದ್ದ ತಾಪ ಸೆನ್ಸರೂ ಹೋಗುತ್ತೆ, ಬೇರೆ ಹಾಕಲೇಬೇಕು. ಮ್ಯಾನಿಫೋಲ್ಡ್‌ಗೇ ತಿರುಚಿದ್ದರೆ ಅದು ಅಳೀತಿರೋದು ಲೋಹದ ಬಿಸಿ. ಇಂಟರ್‌ಕೂಲರ್ ದಾಟಿದ ಪೈಪ್‌ನಲ್ಲಿ, ತುದಿ ತೆರೆದಿರೋ ಮಾದರಿಯದ್ದು ಹಾಕಿ. ಲೆಕ್ಕಕ್ಕೆ ಹೇಳಬೇಕಂದರೆ 30 ಡಿಗ್ರಿ ಗಾಳಿ, ಒತ್ತಡದ ಅನುಪಾತ 1.65, ಕಂಪ್ರೆಸರ್ ದಕ್ಷತೆ 70 ಪ್ರತಿಶತ ಅಂತಿಟ್ಟರೆ ಟರ್ಬೊ ಬಿಟ್ಟು ಬರೋ ಗಾಳಿ 97 ಡಿಗ್ರಿ. ಸುಮಾರಾದ ಇಂಟರ್‌ಕೂಲರ್ ಕೂಡ ಅದನ್ನು 50ರ ಹತ್ತಿರಕ್ಕೆ ಇಳಿಸುತ್ತೆ.

ಇಗ್ನಿಷನ್: 10:1 ಕಂಪ್ರೆಶನ್, 95 ಆಕ್ಟೇನ್. 4,000ದಲ್ಲಿ 100 ಕೆಪಿಎಗೆ (ಬೂಸ್ಟ್ ಇಲ್ಲದ ಹೊರಗಾಳಿ ಒತ್ತಡ) 24–25 ಡಿಗ್ರಿ ಇದ್ದರೆ ಪ್ರತಿ 6 ಕೆಪಿಎ ಬೂಸ್ಟ್‌ಗೆ ಒಂದು ಡಿಗ್ರಿ ಇಳಿಸ್ತಾ 160ಕ್ಕೆ 14–15 ಇಡಿ. ಒಳಗಾಳಿ 50 ದಾಟಿದರೆ ಪ್ರತಿ 5 ಡಿಗ್ರಿ ತಾಪಕ್ಕೆ ಇನ್ನೊಂದು ಡಿಗ್ರಿ ಕಡಿಮೆ. ಇದು ಶುರುಮಾಡೋ ಜಾಗ ಅಷ್ಟೇ. ಬೋರ್ 83 ಮಿ.ಮೀ. ಇರೋದರಿಂದ ನಾಕ್ ಸದ್ದು 6.9 ಕಿಲೋಹರ್ಟ್ಸ್ ಆಸುಪಾಸು ಬರುತ್ತೆ, ನಾಕ್ ಸೆನ್ಸರ್ ಫಿಲ್ಟರ್ ಅಲ್ಲಿಗೆ ಹಚ್ಚಿ. ಪ್ಲಗ್ ಎನ್‌ಜಿಕೆ ಬಿಕೆಆರ್7ಇ, ಗ್ಯಾಪ್ 0.7–0.75. ಹಳೇ 1.1 ಗ್ಯಾಪ್‌ನಲ್ಲೇ ಬಿಟ್ಟರೆ ಬೂಸ್ಟ್‌ನಲ್ಲಿ ಕಿಡಿ ಆರಿ ಎಂಜಿನ್ ಕೆಮ್ಮುತ್ತೆ. ಬೂಸ್ಟ್ ಕಟ್ 0.75 ಬಾರ್‌ಗೆ ಇಟ್ಟು, ಅದು ನಿಜವಾಗ್ಲೂ ಕತ್ತರಿಸುತ್ತಾ ಅಂತ ಒಮ್ಮೆ 0.3ಕ್ಕೆ ಇಳಿಸಿ ಪರೀಕ್ಷೆ ಮಾಡಿ.

ಗಾಳಿಗೋಪುರ:

ಸೆನ್ಸರ್ ಮ್ಯಾನಿಫೋಲ್ಡ್‌ನಲ್ಲೇ ಇತ್ತು, ಪೈಪ್‌ಗೆ ಬದಲಿಸಿದೆ. ರೈಲ್ ಒತ್ತಡ 4,000ಕ್ಕೆ 4.0, 6,000ಕ್ಕೆ 3.4. ಫಿಲ್ಟರ್ ಹೊಸದು ಹಾಕಿದರೂ ಅಷ್ಟೇ. ಪಂಪ್ ಕನೆಕ್ಟರ್‌ನಲ್ಲಿ ಲೋಡ್ ಇರುವಾಗ 11.6 ವೋಲ್ಟ್, ಬ್ಯಾಟರಿಯಲ್ಲಿ 14.1.

ಹತ್ತು_ಎಂಎಂ:

ಸಿಕ್ತಲ್ಲ. ಎರಡೂವರೆ ವೋಲ್ಟ್ ಹಳೇ ತಂತಿ, ರಿಲೇ, ಕನೆಕ್ಟರ್‌ಗಳಲ್ಲೇ ಕರಗ್ತಿದೆ. ಈ ಕಾರಲ್ಲಿ ಬ್ಯಾಟರಿ ಡಿಕ್ಕಿಯಲ್ಲೇ ಇರೋದು ನಿಮ್ಮ ಅದೃಷ್ಟ, ಪಂಪ್ ಪಕ್ಕದಲ್ಲೇ ಇದೆ. ಬ್ಯಾಟರಿ ಪಾಸಿಟಿವ್‌ಗೆ ಅಂಟಿಕೊಂಡಂತೆ 20 ಆಂಪ್ ಫ್ಯೂಸ್, ಅಲ್ಲಿಂದ 4 ಚದರ ಮಿ.ಮೀ. ತಂತಿ, 30 ಆಂಪ್ ರಿಲೇ, ಪಂಪ್. ಹಳೇ ಪಂಪ್ ತಂತಿಯನ್ನು ರಿಲೇ ಕಾಯಿಲ್‌ಗೆ ಕೊಡಿ, ಆಗ ಇಸಿಯು ನಿಲ್ಲಿಸು ಅಂದಾಗ ಪಂಪ್ ನಿಲ್ಲುತ್ತೆ. ನೇರ ಬ್ಯಾಟರಿಗೆ ಕೊಟ್ಟು ಸ್ವಿಚ್ ಇಟ್ಟರೆ ಅಪಘಾತವಾದಾಗಲೂ ಪೆಟ್ರೋಲ್ ಸುರೀತಾನೇ ಇರುತ್ತೆ. ನೆಗೆಟಿವ್ ತಂತಿ ಕೂಡ ಅಷ್ಟೇ ದಪ್ಪ ಇರಲಿ, ಬಣ್ಣ ಕೆರೆದು ಬಾಡಿಗೆ ಬಿಗಿಯಿರಿ. ಅರ್ಧ ನಷ್ಟ ಅಲ್ಲೇ ಇರುತ್ತೆ.

ಪಂಪ್‌ನಲ್ಲಿ 13.5ರ ಮೇಲೆ ಬಂತು, 6,300ರಲ್ಲೂ ರೈಲ್ 4 ಬಾರ್ ನಿಂತಿತು ಅಂದಮೇಲೆ ಅದೇ ಗೇರಲ್ಲಿ, ಬರೀ ಸ್ಪ್ರಿಂಗ್ ಬೂಸ್ಟ್‌ನಲ್ಲಿ ಹೊಸ ಲಾಗ್ ತೆಗೀರಿ. ಬೂಸ್ಟ್ ಏರಿಸೋ ಸೊಲೆನಾಯ್ಡ್‌ನ ಕನೆಕ್ಟರ್ ಎಳೆದೇ ಇಡಿ. ಆ ಸ್ಥಿತಿಯಲ್ಲೂ 6,000ದ ಮೇಲೆ ಬೂಸ್ಟ್ ತಾನೇ 0.5 ದಾಟಿ ಏರ್ತಾ ಹೋದರೆ ವೇಸ್ಟ್‌ಗೇಟ್ ತೂತು ಚಿಕ್ಕದು, ಅದನ್ನು ಅರದಿಂದ ಉಜ್ಜಿ ಅಗಲ ಮಾಡೋವರೆಗೂ 0.6ರ ಮಾತು ಬೇಡ. ಲಾಗ್ ಫೈಲನ್ನೇ ಹಾಕಿ, ಪರದೆಯ ಫೋಟೋ ಬೇಡ.